ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ: ವಿ.ಆರ್. ಹೆಡ್‌ಸೆಟ್‌ನ ಪರದೆ ಮತ್ತು ಕಾರ್ಡಿನ ಸೆಟ್ಟಿಂಗ್‌ಗಳು

ಜಾವಗಲ್ ಎಂಬ ಹೆಸರನ್ನು ದೇಶದ ಬಹುಪಾಲು ಜನರು ಕೇಳಿರುವುದು ವೇಗದ ಬೌಲರ್ ಶ್ರೀನಾಥ್ ಅವರ ಹೆಸರಿನ ಮುಂದೆ ಮಾತ್ರ. ಊರನ್ನು ಕಣ್ಣಾರೆ ಕಂಡವರು ಕಡಿಮೆ. ಅರಸೀಕೆರೆ ತಾಲ್ಲೂಕಿಗೆ ಸೇರಿದ ಈ ಹೋಬಳಿ ಕೇಂದ್ರವು ಬಾಣಾವರದಿಂದ ಹಳೇಬೀಡಿಗೆ ಹೋಗುವ ಮಾರ್ಗದಲ್ಲಿದೆ. ಇಲ್ಲಿ 13ನೆಯ ಶತಮಾನದ, ಮೂರು ಗರ್ಭಗುಡಿಗಳುಳ್ಳ ಲಕ್ಷ್ಮೀನರಸಿಂಹ ದೇವಾಲಯವಿದೆ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಜಾವಗಲ್ ಇಲ್ಲ. ಹಳೇಬೀಡಿಗೆ ಬಂದ ಪ್ರವಾಸಿ ವಾಹನಗಳು ಬೇಲೂರಿನ ಕಡೆಗೋ ಹಾಸನದ ಕಡೆಗೋ ತಿರುಗುತ್ತವೆಯೇ ಹೊರತು ಇತ್ತ ಬರುವುದು ಅಪರೂಪ.

ಆ ಪ್ರವಾಸಿಗರಲ್ಲಿ ಕೆಲವರನ್ನಾದರೂ ಇತ್ತ ಸೆಳೆಯಲು ದಾರಿಯೇನೆಂಬುದು ನಮ್ಮ ಕಡೆಯ ಹೋಟೆಲಿನವರು, ಎಳನೀರಿನ ವ್ಯಾಪಾರಿಗಳು, ಬಾಡಿಗೆ ವಾಹನದವರು ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ. ಜಾವಗಲ್ಲಿನಲ್ಲಿ ಹುಟ್ಟಿ ಬೆಳೆದು, ಅರಸೀಕೆರೆಯಲ್ಲಿ ಕಂಪ್ಯೂಟರ್ ಮಾರಾಟ ಮತ್ತು ದುರಸ್ತಿಯ ಅಂಗಡಿ ನಡೆಸುತ್ತಿರುವ ನನಗೂ ಆ ಪ್ರಶ್ನೆ ಇದ್ದೇ ಇತ್ತು. ಇಂಜಿನಿಯರಿಂಗ್ ಓದಿ ಬಂದ ನನ್ನ ಅಣ್ಣನ ಮಗನು ಒಂದು ಉತ್ತರವನ್ನು ಸೂಚಿಸಿದ. ದೇವಾಲಯವನ್ನು ಸುತ್ತಲಿಂದಲೂ ನೂರಾರು ಛಾಯಾಚಿತ್ರಗಳಲ್ಲಿ ಹಿಡಿದು, ಅವುಗಳನ್ನು ಕಂಪ್ಯೂಟರಿನಲ್ಲಿ ಹೆಣೆದು, ಮೂರು ಆಯಾಮದ ಮಾದರಿಯೊಂದನ್ನು ಸಿದ್ಧಪಡಿಸುವುದು. ಹಳೇಬೀಡಿನ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆಯನ್ನು ಹಿಡಿದು, ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಮೂಲಕ ಐದು ನಿಮಿಷ ಜಾವಗಲ್ಲಿನ ನವರಂಗದೊಳಗೆ ಪ್ರವಾಸಿಯನ್ನು ನಿಲ್ಲಿಸುವುದು. ನೋಡಿ ಮೆಚ್ಚಿದವನು ನಿಜವಾದ ದೇವಾಲಯಕ್ಕೂ ಬಂದಾನು ಎಂಬುದು ಆತನ ಲೆಕ್ಕ.

ಇದು ಬರಿಯ ಹುಡುಗಾಟಿಕೆಯ ಆಲೋಚನೆಯಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಕೈಗೊಂಡ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯು ಹಂಪಿಯನ್ನೇ ತನ್ನ ಕ್ಷೇತ್ರವಾಗಿ ಆರಿಸಿಕೊಂಡಿತ್ತು, ಐ.ಐ.ಟಿ.ಗಳ ಜೊತೆಗೆ ನಮ್ಮ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದಿದ್ದಾರೆ. ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲಿಯೇ ನೀತಿಯನ್ನು ರೂಪಿಸಿದ್ದ ಕರ್ನಾಟಕ ಸರ್ಕಾರವು, 2024-29ರ ಅವಧಿಯ ಹೊಸ ನೀತಿಯಲ್ಲಿ ಈ ಬಗೆಯ ತಂತ್ರಜ್ಞಾನವನ್ನೂ ಹೆಸರಿಸಿ ಸೇರಿಸಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಿ ವ್ಯಾವಹಾರಿಕ ಉದ್ದೇಶಕ್ಕೆ ಚಿತ್ರ ತೆಗೆಯಲು ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆಯಬೇಕೆಂಬುದನ್ನು ಮಾತ್ರ ಇಂತಹ ಉದ್ಯಮಕ್ಕೆ ಇಳಿಯುವವರು ಮರೆಯಬಾರದು.

ಮಾದರಿ ಸಿದ್ಧವಾಯಿತು. ಕಂಪ್ಯೂಟರ್ ಪರದೆಯ ಮೇಲೆ ಅದನ್ನು ಕಂಡವರೆಲ್ಲ ತಲೆದೂಗಿದರು. ನನ್ನ ಅಂಗಡಿಯಲ್ಲಿದ್ದ, 6 ಜಿ.ಬಿ. ಸ್ಮರಣೆಯುಳ್ಳ ಜಿ.ಟಿ.ಎಕ್ಸ್. 1660 ಸೂಪರ್ ಕಾರ್ಡಿನ ಗಣಕಕ್ಕೆ ಕ್ವೆಸ್ಟ್ 2 ಹೆಡ್‌ಸೆಟ್ ಅನ್ನು ಕೇಬಲ್ ಮೂಲಕ ಜೋಡಿಸಿ, ನೆಂಟರಿಷ್ಟರಿಗೆ, ನೆರೆಹೊರೆಯ ಅಂಗಡಿಯವರಿಗೆ ತೋರಿಸಿದೆವು. ಅಲ್ಲಿಗೆ ತೊಂದರೆ ಆರಂಭವಾಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಕೆಲವರು ತಲೆ ಸುತ್ತುತ್ತದೆಂದು ಹೆಡ್‌ಸೆಟ್ ತೆಗೆದಿಟ್ಟರು. ಒಬ್ಬಾಕೆ ಹೊಟ್ಟೆ ತೊಳಸುತ್ತದೆಂದು ಹೊರಗೆ ಹೋಗಿ ಕುಳಿತರು. ಜಾವಗಲ್ಲಿನಿಂದ ಕೊಬ್ಬರಿ ಮಾರಲು ಬಂದಿದ್ದ ಹಿರಿಯರೊಬ್ಬರು, "ಕಂಬ ಅಲ್ಲಾಡ್ತೈತಲ್ಲಪ್ಪ! ಹುಟ್ಟಿದಾಗ್ಲಿಂದ ನೋಡಿವ್ನಿ, ಒಂದಿನಾನೂ ಅಲ್ಲಾಡಿದ್ದಿಲ್ಲ" ಎಂದರು. ಎಲ್ಲರೂ ನಕ್ಕೆವು. ಆದರೆ ರೋಗವನ್ನು ಸರಿಯಾಗಿ ಗುರುತಿಸಿದವರು ಅವರೊಬ್ಬರೇ ಎಂಬುದು ಅನಂತರ ತಿಳಿಯಿತು.

ಬೆಂಗಳೂರಿನ ಮಾರಾಟಗಾರರೊಬ್ಬರನ್ನು ವಿಚಾರಿಸಿದಾಗ ಉತ್ತರ ಸಿದ್ಧವಾಗಿತ್ತು: "ನಿಮ್ಮ ಕಾರ್ಡ್ ಸಾಲದು, ದೊಡ್ಡದನ್ನು ಹಾಕಿಸಿ." ದೊಡ್ಡದೆಂದರೆ ಎಷ್ಟು ದೊಡ್ಡದು, ಅದು ಏನನ್ನು ಸರಿಪಡಿಸುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಹುಡುಗನು ತನ್ನ ಉಳಿತಾಯವನ್ನೆಲ್ಲ ಆಗಲೇ ಹೂಡಿದ್ದ. ಮಳಿಗೆಯ ಮುಂಗಡಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಕಾರ್ಡಿಗೆ ಸುರಿಯುವುದು, ಸಾಲದ್ದಕ್ಕೆ ಸಾಲ ತರುವುದು ಎಂದು ನಿಶ್ಚಯವೂ ಆಗಿತ್ತು. ಆರ್ಡರ್ ಕೊಡುವ ಮುನ್ನ ಒಂದು ವಾರ ತಾಳು ಎಂದು ನಾನು ತಡೆದೆ. ಆ ವಾರದಲ್ಲಿ ನಾವು ಕಲಿತದ್ದು ಇಂತಹ ಉಪಕರಣಗಳನ್ನು ಮಾರುವ ವರ್ತಕರಿಗೂ, ತಮ್ಮ ಸರಕನ್ನು ಪ್ರದರ್ಶಿಸಲು ಬಳಸಬಯಸುವ ಸಣ್ಣ ಉದ್ಯಮಿಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೆಡ್‌ಸೆಟ್‌ನ ಗಡಿಯಾರ

ಮೇಜಿನ ಮೇಲಿನ ಮಾನಿಟರಿಗೂ ಹೆಡ್‌ಸೆಟ್‌ನ ಪರದೆಗೂ ಇರುವ ಮುಖ್ಯ ವ್ಯತ್ಯಾಸ ಕಾಲದ್ದು. ಮಾನಿಟರಿನಲ್ಲಿ ಒಂದು ಚಿತ್ರ ತುಸು ತಡವಾಗಿ ಬಂದರೆ ನೋಡುವವನಿಗೆ ಅಷ್ಟಾಗಿ ಬಾಧೆಯಿಲ್ಲ. ಹೆಡ್‌ಸೆಟ್‌ನಲ್ಲಿ ಹಾಗಲ್ಲ. ನೀವು ಕತ್ತನ್ನು ತಿರುಗಿಸಿದೊಡನೆ ಕಣ್ಣೆದುರಿನ ದೃಶ್ಯವೂ ತಿರುಗಬೇಕು. ತಲೆಯ ಚಲನೆಗೂ ಚಿತ್ರದ ಬದಲಾವಣೆಗೂ ನಡುವೆ ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದೆಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಮಿತಿ. ಅಂತರ ಹೆಚ್ಚಾದರೆ ಕಿವಿಯೊಳಗಿನ ಸಮತೋಲನದ ಅಂಗವು ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವನಿಗೆ ಆಗುವ ಸಂಕಟವೇ ಆಗ ಇಲ್ಲಿಯೂ ಆಗುತ್ತದೆ.

ಹೆಡ್‌ಸೆಟ್‌ನ ಪರದೆಯು ಒಂದು ಸೆಕೆಂಡಿಗೆ ಇಷ್ಟು ಬಾರಿ ಎಂದು ನಿಗದಿಯಾದ ಲಯದಲ್ಲಿ ಹೊಸ ಚಿತ್ರವನ್ನು ಬೇಡುತ್ತದೆ. ಈ ದರವನ್ನು ಹರ್ಟ್ಸ್‌ಗಳಲ್ಲಿ ಅಳೆಯುತ್ತಾರೆ. 72 ಹರ್ಟ್ಸ್ ಆದರೆ ಪ್ರತಿ ಚಿತ್ರಕ್ಕೆ ಕಾರ್ಡಿಗೆ ದೊರೆಯುವ ಅವಧಿ 13.9 ಮಿಲಿಸೆಕೆಂಡ್, 80 ಆದರೆ 12.5, 90 ಆದರೆ 11.1, 120 ಆದರೆ 8.3 ಮಾತ್ರ. ಅಷ್ಟರೊಳಗೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವನ್ನು ಪೂರ್ತಿಯಾಗಿ ಬರೆದು ಒಪ್ಪಿಸಬೇಕು.

ಒಪ್ಪಿಸಲಾಗದಿದ್ದರೆ ಏನಾಗುತ್ತದೆಂಬುದನ್ನು ಬಾಣಾವರದ ರೈಲು ನಿಲ್ದಾಣದ ಉದಾಹರಣೆಯಿಂದ ವಿವರಿಸಬಹುದು. ರೈಲು ಎರಡು ನಿಮಿಷದಿಂದ ತಪ್ಪಿದರೂ, ಅರ್ಧ ಗಂಟೆಯಿಂದ ತಪ್ಪಿದರೂ ಒಂದೇ. ಮುಂದಿನ ರೈಲಿಗೇ ಕಾಯಬೇಕು. 90 ಹರ್ಟ್ಸ್‌ನ ಪರದೆಗೆ ಕಾರ್ಡು 13 ಮಿಲಿಸೆಕೆಂಡಿನಲ್ಲಿ ಚಿತ್ರವನ್ನು ಮುಗಿಸಿತೆನ್ನೋಣ. ತಡವಾದದ್ದು ಎರಡು ಮಿಲಿಸೆಕೆಂಡಿಗೂ ಕಡಿಮೆ. ಆದರೂ ಆ ಚಿತ್ರವು 22.2ನೆಯ ಮಿಲಿಸೆಕೆಂಡಿನವರೆಗೆ ಕಾದು ಕುಳಿತಿರುತ್ತದೆ. ಇದೇ ಪ್ರತಿ ಬಾರಿಯೂ ಮುಂದುವರಿದರೆ 90ರ ಬದಲು 45 ಚಿತ್ರಗಳು ಮಾತ್ರ ಕಣ್ಣಿಗೆ ಸೇರುತ್ತವೆ. ಅದೇ ಕಾರ್ಡು, ಅದೇ ಮಾದರಿ, ಹೆಡ್‌ಸೆಟ್ ಅನ್ನು 72 ಹರ್ಟ್ಸ್‌ಗೆ ಇಳಿಸಿದರೆ 13 ಮಿಲಿಸೆಕೆಂಡಿನ ಚಿತ್ರವು 13.9ರ ರೈಲನ್ನು ಹಿಡಿಯುತ್ತದೆ, 72 ಚಿತ್ರಗಳೂ ಬರುತ್ತವೆ. ಅಂದರೆ ಸೆಟ್ಟಿಂಗ್ ಅನ್ನು ಇಳಿಸಿದ್ದರಿಂದ ಕಣ್ಣಿಗೆ ತಲುಪುವ ಚಿತ್ರಗಳ ಸಂಖ್ಯೆ ಏರಿತು! ಹೆಚ್ಚಿನ ಅಂಕಿಯೇ ಉತ್ತಮವೆಂದು ನಂಬಿ ಸರಕು ಕೊಳ್ಳುವ ನಮಗೆ ಇದನ್ನು ಒಪ್ಪಲು ಸ್ವಲ್ಪ ಕಷ್ಟವೇ ಆಯಿತು.

ಚಿತ್ರ ಬಾರದ ಜಾಗವನ್ನು ತುಂಬಲು ತಯಾರಕರು ಒಂದು ಉಪಾಯವನ್ನು ಮಾಡಿದ್ದಾರೆ. ಹಿಂದಿನ ಎರಡು ಚಿತ್ರಗಳನ್ನು ಹೋಲಿಸಿ, ಮುಂದಿನದು ಹೀಗಿರಬಹುದೆಂದು ಊಹಿಸಿ ಒಂದು ಚಿತ್ರವನ್ನು ಹೊಸೆದು ನಡುವೆ ಇಡುವುದು ಆ ಉಪಾಯ. 2016ರಲ್ಲಿ ಆಕ್ಯುಲಸ್ ರಿಫ್ಟ್ ಮಾರುಕಟ್ಟೆಗೆ ಬಂದಾಗ ಕನಿಷ್ಠ ಜಿ.ಟಿ.ಎಕ್ಸ್. 970 ಕಾರ್ಡ್ ಬೇಕೆಂದಿದ್ದ ಸಂಸ್ಥೆಯು, ಅದೇ ವರ್ಷ ಈ ಉಪಾಯವನ್ನು ಸೇರಿಸಿ ಕನಿಷ್ಠ ಅಗತ್ಯವನ್ನು ಜಿ.ಟಿ.ಎಕ್ಸ್. 960ಕ್ಕೆ ಇಳಿಸಿತು. ಆಪತ್ಕಾಲಕ್ಕೆ ಇದು ಒಳ್ಳೆಯದೇ. ಆದರೆ ಊಹೆ ಊಹೆಯೇ. ಹತ್ತಿರದ ವಸ್ತುವಿನ ಹಿಂದೆ ದೂರದ ವಸ್ತುವಿದ್ದು, ನೋಡುವವನು ಪಕ್ಕಕ್ಕೆ ಸರಿದಾಗ ಆ ಊಹೆ ಅಂಚುಗಳಲ್ಲಿ ತಪ್ಪುತ್ತದೆ. ಅಂಚು ನೀರಿನಲ್ಲಿ ಕಂಡಂತೆ ಕದಲುತ್ತದೆ. ಹೊಯ್ಸಳರ ನವರಂಗವೆಂದರೆ ಕಡೆದ ಕಂಬಗಳ ಹಿಂದೆ ಕಡೆದ ಕಂಬಗಳು. ನಮ್ಮ ಹಿರಿಯರಿಗೆ ಕಂಬ ಅಲುಗಾಡಿದ್ದು ಇದೇ ಕಾರಣಕ್ಕೆ.

ನಮ್ಮ ಗಣಕದಲ್ಲಿ ಅಳೆದು ನೋಡಿದಾಗ ಪ್ರತಿ ಚಿತ್ರಕ್ಕೆ ಹದಿನೇಳು ಹದಿನೆಂಟು ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಈ ಅಳತೆಗೆ ಹಣ ಕೊಡಬೇಕಿಲ್ಲ. ಸ್ಟೀಮ್ ವಿ.ಆರ್. ತಂತ್ರಾಂಶದಲ್ಲಿಯೇ ಪ್ರತಿ ಚಿತ್ರದ ಅವಧಿಯನ್ನು ತೋರಿಸುವ ನಕ್ಷೆಯಿದೆ. ಗಿರಾಕಿಯು "ಸರಿಯಾಗಿ ಕಾಣುತ್ತಿಲ್ಲ" ಎಂದು ಬಂದಾಗ ವರ್ತಕರು ಮೊದಲು ತೆರೆದು ನೋಡಬೇಕಾದದ್ದು ಇದನ್ನು. ಜ್ವರವನ್ನು ಅಳೆಯದೆ ಔಷಧಿ ಕೊಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಚಕ್ರಬಡ್ಡಿಯಂತಹ ಸೆಟ್ಟಿಂಗ್

ಇನ್ನು ಕಾರ್ಡಿಗೆ ಅಷ್ಟು ಹೊತ್ತು ಹಿಡಿಯುವುದೇಕೆ? ಒಂದು ಸಣ್ಣ ಲೆಕ್ಕ ಮಾಡೋಣ. ಸಾಮಾನ್ಯ ಫುಲ್ ಎಚ್.ಡಿ. ಮಾನಿಟರಿನಲ್ಲಿ 1920×1080 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರವೆಂದರೆ ಸುಮಾರು 12.4 ಕೋಟಿ ಚುಕ್ಕೆಗಳ ಕೆಲಸ. ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832×1920. ಎರಡು ಕಣ್ಣು, 90 ಚಿತ್ರವೆಂದರೆ 63 ಕೋಟಿ. ಐದು ಪಟ್ಟಾಯಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಹೆಡ್‌ಸೆಟ್‌ನ ಮಸೂರವು ಚಿತ್ರವನ್ನು ಬಾಗಿಸಿ ತೋರಿಸುವುದರಿಂದ, ಅದಕ್ಕೆ ಪ್ರತಿಯಾಗಿ ಮುಂಚೆಯೇ ಚಿತ್ರವನ್ನು ವಿರುದ್ಧ ದಿಕ್ಕಿಗೆ ಬಾಗಿಸಿ ಕಳುಹಿಸಬೇಕು. ಹಾಗೆ ಬಾಗಿಸಿದಾಗ ನಡುಭಾಗ ಮಸುಕಾಗದಿರಲೆಂದು ಕಾರ್ಡು ಪರದೆಗಿಂತ ದೊಡ್ಡ ಚಿತ್ರವನ್ನೇ ಬರೆಯುತ್ತದೆ. 2016ರ ಎಚ್.ಟಿ.ಸಿ. ವೈವ್ ಹೆಡ್‌ಸೆಟ್‌ನಲ್ಲಿ ಪರದೆ 1080×1200 ಇದ್ದರೆ, ಕಾರ್ಡು ಬರೆಯುತ್ತಿದ್ದುದು 1512×1680. ಅಗಲದಲ್ಲಿ 1.4, ಎತ್ತರದಲ್ಲಿ 1.4, ಒಟ್ಟು ಚುಕ್ಕೆಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಇದೇ ಪ್ರಮಾಣವನ್ನು ಕ್ವೆಸ್ಟ್ 2ಕ್ಕೆ ಹಾಕಿದರೆ 63 ಕೋಟಿಯು 124 ಕೋಟಿಯಾಗುತ್ತದೆ, ಮಾನಿಟರಿನ ಹತ್ತು ಪಟ್ಟು. ಮಾನಿಟರಿನಲ್ಲಿ ಸುಲಲಿತವಾಗಿ ಓಡಿದ ಮಾದರಿ ಹೆಡ್‌ಸೆಟ್‌ನಲ್ಲಿ ಏದುಸಿರು ಬಿಡುವುದು ಇದಕ್ಕೇ.

ಚಿತ್ರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬುದನ್ನು ನಿರ್ಧರಿಸುವ ಸೆಟ್ಟಿಂಗ್ ಒಂದೇ ಕಡೆ ಇಲ್ಲ. ಹೆಡ್‌ಸೆಟ್ ತಯಾರಕರ ತಂತ್ರಾಂಶದಲ್ಲಿ ಒಂದು, ಸ್ಟೀಮ್ ವಿ.ಆರ್.ನಲ್ಲಿ ಒಂದು, ಪ್ರದರ್ಶಿಸುವ ತಂತ್ರಾಂಶದೊಳಗೇ ಇನ್ನೊಂದು. ಒಂದರ ಏರಿಕೆಯು ಮತ್ತೊಂದರ ಮೇಲೆ ಕುಳಿತು ಗುಣಿಸಿಕೊಳ್ಳುತ್ತದೆ. ಸ್ಟೀಮ್ ವಿ.ಆರ್.ನ ಶೇಕಡಾ ಅಂಕಿಯು ಒಟ್ಟು ಚುಕ್ಕೆಗಳ ಲೆಕ್ಕ, ಶೇ. 150 ಎಂದರೆ ಒಂದೂವರೆ ಪಟ್ಟು ಕೆಲಸ, ಶೇ. 200 ಎಂದರೆ ಎರಡು ಪಟ್ಟು. ಕೆತ್ತನೆ ಸ್ಪಷ್ಟವಾಗಿ ಕಾಣಲೆಂಬ ಆಸೆಯಿಂದ ನಮ್ಮ ಹುಡುಗನು ಒಂದು ದಿನ ಒಂದು ಕಡೆ ಏರಿಸಿ, ಇನ್ನೊಂದು ದಿನ ಮತ್ತೊಂದು ಕಡೆ ಏರಿಸಿ, ಮೊದಲನೆಯದನ್ನು ಮರೆತಿದ್ದ. ಚಕ್ರಬಡ್ಡಿ ಬೆಳೆದಂತೆ ಹೊರೆ ಬೆಳೆದಿತ್ತು. ಎಲ್ಲವನ್ನೂ ಮೂಲ ಸ್ಥಿತಿಗೆ ತಂದು, ಒಂದೇ ಕಡೆ, ಶೇ. 100ರಲ್ಲಿ ನಿಲ್ಲಿಸಿದೆವು. ನೋಡಿದವರಲ್ಲಿ ಒಬ್ಬರೂ ಸ್ಪಷ್ಟತೆ ಕಡಿಮೆಯಾಯಿತೆಂದು ಹೇಳಲಿಲ್ಲ.

ಮಳಿಗೆಯ ಹೊರಗೆ ಸರದಿಯಲ್ಲಿ ಕಾಯುವವರೂ ನೋಡಲೆಂದು ಟಿ.ವಿ.ಯೊಂದನ್ನು ಜೋಡಿಸಿದ್ದೆವು. ಹೆಡ್‌ಸೆಟ್‌ನಲ್ಲಿ ಕಾಣುವುದನ್ನೇ ಟಿ.ವಿ.ಗೆ ನಕಲು ಮಾಡಿದರೆ ಹೊರೆ ಅಲ್ಪ. ಆದರೆ ಟಿ.ವಿ.ಗೆಂದು ಬೇರೊಂದು ಕೋನದಿಂದ ಪ್ರತ್ಯೇಕ ದೃಶ್ಯವನ್ನು ತೋರಿಸಿದರೆ ಕಾರ್ಡಿಗೆ ಅದು ಮೂರನೆಯ ಕಣ್ಣಾಗುತ್ತದೆ. ಮೂರನೆಯ ಕಣ್ಣು ತೆರೆದರೆ ಏನಾಗುತ್ತದೆಂದು ನಮ್ಮ ಪುರಾಣ ಬಲ್ಲವರಿಗೆ ಹೇಳಬೇಕಾಗಿಲ್ಲ. ಅದನ್ನೂ ಮುಚ್ಚಿದೆವು.

ಕೆತ್ತನೆಯ ಮಿನುಗು

ಹೊಯ್ಸಳ ಶಿಲ್ಪವನ್ನು ಹೆಡ್‌ಸೆಟ್‌ನಲ್ಲಿ ತೋರಿಸುವುದು ಬೇರೆ ಕಟ್ಟಡವನ್ನು ತೋರಿಸಿದಷ್ಟು ಸುಲಭವಲ್ಲ. ಮೃದುವಾದ ಬಳಪದ ಕಲ್ಲಿನಲ್ಲಿ ಕಂಡರಿಸಿದ ಮೂರ್ತಿಗಳ ಒಡವೆ, ಕಿರೀಟ, ಬಳ್ಳಿಗಳಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಸಾವಿರಾರು. ದೂರದಿಂದ ನೋಡುವಾಗ ಅಂತಹ ಹಲವು ಗೆರೆಗಳು ಪರದೆಯ ಒಂದೇ ಚುಕ್ಕೆಯೊಳಗೆ ಬಂದು ಬೀಳುತ್ತವೆ. ತಲೆ ಒಂದಿಷ್ಟು ಅಲುಗಿದರೂ ಆ ಚುಕ್ಕೆಗೆ ಒಮ್ಮೆ ಬೆಳಕಿನ ಗೆರೆ, ಒಮ್ಮೆ ನೆರಳಿನ ಗೆರೆ ಸಿಕ್ಕಿ, ಗೋಡೆಯೆಲ್ಲ ಮಿಣಮಿಣ ಮಿನುಗುತ್ತದೆ. ಮಾನಿಟರಿನಲ್ಲಿ ಇದು ಗಮನಕ್ಕೆ ಬಾರದು. ಹೆಡ್‌ಸೆಟ್‌ನಲ್ಲಿ ತಲೆ ಎಂದೂ ಸಂಪೂರ್ಣ ನಿಶ್ಚಲವಾಗಿರುವುದಿಲ್ಲವಾದ್ದರಿಂದ ಮಿನುಗು ನಿಲ್ಲುವುದೇ ಇಲ್ಲ.

ಇದನ್ನು ತಗ್ಗಿಸುವ ಸೆಟ್ಟಿಂಗ್‌ಗಳಿವೆ. ಆಂಟಿ ಏಲಿಯಾಸಿಂಗ್‌ನಲ್ಲಿ ಎಂ.ಎಸ್.ಎ.ಎ. ಎಂಬ ವಿಧಾನವನ್ನು 4ರ ಮಟ್ಟದಲ್ಲಿ ಇಟ್ಟರೆ ಕಂಬ, ಮೆಟ್ಟಿಲು, ಚಾವಣಿಗಳ ಅಂಚು ನಯವಾಗುತ್ತದೆ. ಹಿಂದಿನ ಚಿತ್ರಗಳನ್ನು ಬೆರೆಸಿ ನಯಗೊಳಿಸುವ ಟಿ.ಎ.ಎ. ವಿಧಾನವು ಮಾನಿಟರಿನಲ್ಲಿ ಚೆನ್ನಾಗಿ ಕಂಡರೂ ಹೆಡ್‌ಸೆಟ್‌ನಲ್ಲಿ ಎಲ್ಲವನ್ನೂ ಮಂಜು ಕವಿದಂತೆ ಮಾಡುತ್ತದೆ. ನಮಗೆ ಅದು ಹಿಡಿಸಲಿಲ್ಲ. ಆದರೆ ಎಂ.ಎಸ್.ಎ.ಎ. ಸರಿಪಡಿಸುವುದು ಆಕಾರಗಳ ಅಂಚನ್ನು ಮಾತ್ರ. ಮೇಲ್ಮೈಗೆ ಅಂಟಿಸಿದ ಛಾಯಾಚಿತ್ರದೊಳಗಿನ ಗೆರೆಗಳ ಮಿನುಗಿಗೆ ಮದ್ದು ಬೇರೆ. ದೂರ ಹೋದಂತೆ ಚಿಕ್ಕ ಪ್ರತಿಯನ್ನು ಬಳಸುವ ಮಿಪ್‌ಮ್ಯಾಪ್ ಇರಲೇಬೇಕು. ಓರೆಯಾಗಿ ಕಾಣುವ ನೆಲ ಮತ್ತು ಗೋಡೆಗಳಿಗೆ ಅನಿಸೋಟ್ರೋಪಿಕ್ ಫಿಲ್ಟರಿಂಗ್ ಅನ್ನು 16ಕ್ಕೆ ಇಡಬಹುದು. ಇದರ ಹೊರೆ ತೀರ ಕಡಿಮೆ, ಲಾಭ ಹೆಚ್ಚು. ಕಾರ್ಡಿನ ನಿಯಂತ್ರಣ ಫಲಕದಲ್ಲಿರುವ ಚಿತ್ರವನ್ನು ಹರಿತಗೊಳಿಸುವ ಸೆಟ್ಟಿಂಗ್ ಮಾತ್ರ ಇಲ್ಲಿ ಶತ್ರು. ಛಾಯಾಚಿತ್ರವನ್ನು ಹರಿತಗೊಳಿಸಿ ರೂಢಿಯಿದ್ದ ನಮ್ಮ ಹುಡುಗನು ಅದನ್ನು ಪೂರ್ತಿ ಏರಿಸಿಟ್ಟಿದ್ದ; ಮಿನುಗು ಇಮ್ಮಡಿಯಾಗಿತ್ತು.

ಮುಂದಿನದು ಕಾರ್ಡಿನ ಸ್ಮರಣೆಯ ಮಾತು. ನಮಗೆ ಅತ್ಯಂತ ದೊಡ್ಡ ಪ್ರಯೋಜನ ಆದದ್ದು ಇಲ್ಲಿ. 8192×8192 ಅಳತೆಯ ಒಂದು ಮೇಲ್ಮೈ ಚಿತ್ರವನ್ನು ಸಂಕುಚಿತಗೊಳಿಸದೆ ಇಟ್ಟರೆ, ಚುಕ್ಕೆಗೆ 4 ಬೈಟ್‌ನಂತೆ 256 ಎಂ.ಬಿ. ಬೇಕು. ಮಿಪ್‌ಮ್ಯಾಪ್ ಪ್ರತಿಗಳು ಸೇರಿದರೆ ಮೂರನೆಯ ಒಂದು ಪಾಲು ಹೆಚ್ಚಿ 341 ಎಂ.ಬಿ. ಆಗುತ್ತದೆ. ನಮ್ಮ ಮಾದರಿಯಲ್ಲಿ ಅಂತಹವು 24 ಇದ್ದವು. ಒಟ್ಟು 8 ಜಿ.ಬಿ. ದಾಟಿತು, ಕಾರ್ಡಿನಲ್ಲಿದ್ದುದು 6 ಜಿ.ಬಿ. ಉಗ್ರಾಣ ತುಂಬಿದ ಮೇಲೆ ಸರಕನ್ನು ಹೊರಗಿನ ಗೋದಾಮಿನಿಂದ ಗಿರಾಕಿ ಕೇಳಿದಾಗಲೆಲ್ಲ ತರಿಸಿದಂತೆ, ಕಾರ್ಡು ಪ್ರತಿ ಬಾರಿಯೂ ಗಣಕದ ಮುಖ್ಯ ಸ್ಮರಣೆಯಿಂದ ಚಿತ್ರಗಳನ್ನು ಎಳೆದು ತರುತ್ತಿತ್ತು. ತಲೆ ತಿರುಗಿಸಿದಾಗ ದೃಶ್ಯವು ಗಕ್ಕನೆ ನಿಂತು ಮುಂದುವರಿಯುತ್ತಿದ್ದುದು ಇದರಿಂದ. ಬಿ.ಸಿ.7 ಎಂಬ ಸಂಕೋಚನ ಕ್ರಮದಲ್ಲಿ ಚುಕ್ಕೆಗೆ ಒಂದೇ ಬೈಟ್ ಸಾಕು. 341 ಇದ್ದದ್ದು 85 ಎಂ.ಬಿ. ಆಗುತ್ತದೆ, 24ಕ್ಕೂ ಸೇರಿ 2 ಜಿ.ಬಿ. ಸುಮಾರು. ಕಣ್ಣಿಗೆ ಕಾಣುವ ವ್ಯತ್ಯಾಸ ನಗಣ್ಯ. ಒಂದು ರಾತ್ರಿಯ ಕೆಲಸದಲ್ಲಿ ಇದು ಮುಗಿಯಿತು.

ಬೆಳಗ್ಗೆ ಅಳೆದಾಗ ಪ್ರತಿ ಚಿತ್ರಕ್ಕೆ 12 ಮಿಲಿಸೆಕೆಂಡಿನ ಒಳಗೇ ಇತ್ತು. ಹೆಡ್‌ಸೆಟ್ ಅನ್ನು 72 ಹರ್ಟ್ಸ್‌ಗೆ ನಿಲ್ಲಿಸಿದೆವು. ಎರಡು ಮಿಲಿಸೆಕೆಂಡಿನ ಬಿಡುವು ಉಳಿಯಿತು. ಆ ಬಿಡುವನ್ನು ಮತ್ತೆ ಅಂದಕ್ಕಾಗಿ ಖರ್ಚು ಮಾಡಬಾರದೆಂದು ಹುಡುಗನಿಗೆ ತಾಕೀತು ಮಾಡಿದೆ. "ಚಿಕ್ಕಪ್ಪ, ನೆರಳು ಸ್ವಲ್ಪ ಮೆತ್ತಗೆ ಮಾಡ್ಲಾ?" ಎಂದು ಆತ ಈಗಲೂ ವಾರಕ್ಕೊಮ್ಮೆ ಕೇಳುತ್ತಾನೆ. ವೇಗವಾಗಿ ಓಡುವ ಆಟಗಳಿಗೆ 90 ಅಥವಾ 120 ಬೇಕೆನ್ನುವವರ ವಾದದಲ್ಲಿ ಹುರುಳಿದೆ. ನಿಂತು ನೋಡುವ ದೇವಾಲಯಕ್ಕೆ ತಪ್ಪದೆ ಬರುವ 72 ಸಾಕು.

ಕೇಬಲಿನ ಬಗ್ಗೆ ಒಂದು ಮಾತು. ಕ್ವೆಸ್ಟ್ ಮಾದರಿಯ ಹೆಡ್‌ಸೆಟ್‌ಗಳಿಗೆ ಕಾರ್ಡಿನಿಂದ ಚಿತ್ರವು ನೇರವಾಗಿ ಹೋಗುವುದಿಲ್ಲ. ಕಾರ್ಡು ಅದನ್ನು ವಿಡಿಯೋ ರೂಪಕ್ಕೆ ಕುಗ್ಗಿಸಿ ಯು.ಎಸ್.ಬಿ. ಅಥವಾ ವೈ-ಫೈ ಮೂಲಕ ಕಳುಹಿಸುತ್ತದೆ, ಹೆಡ್‌ಸೆಟ್ ಅದನ್ನು ಬಿಚ್ಚಿಕೊಳ್ಳುತ್ತದೆ. ಬಿಟ್‌ರೇಟ್ ಕಡಿಮೆಯಿದ್ದರೆ ಸಣ್ಣ ಕೆತ್ತನೆಯೇ ಮೊದಲು ಹಾಳಾಗುವುದು; ಕಲ್ಲಿನ ಮೂರ್ತಿ ಮೇಣದ ಮೂರ್ತಿಯಾಗುತ್ತದೆ. ಕಡಿಮೆ ಬೆಲೆಯ, ಮೊಬೈಲ್ ಚಾರ್ಜಿಂಗ್‌ಗೆ ಮಾಡಿದ ಕೇಬಲಿಗೆ ಬದಲು ಯು.ಎಸ್.ಬಿ. 3ರ ಕೇಬಲ್ ಹಾಕಿದ ಮೇಲೆ ಬಿಟ್‌ರೇಟ್ ಏರಿಸಲು ಸಾಧ್ಯವಾಯಿತು.

ಯಂತ್ರ ತಯಾರಕರಿಗೆ

ದೇವಾಲಯದ ಮಾತು ಬಿಡಿ. ತೆಂಗಿನಕಾಯಿ ಸುಲಿಯುವ ಯಂತ್ರ, ನಾರಿನ ಯಂತ್ರ, ಎಣ್ಣೆ ಗಾಣಗಳನ್ನು ತಯಾರಿಸುವವರು ನಮ್ಮ ಭಾಗದಲ್ಲಿ ಹಲವರಿದ್ದಾರೆ. ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂತಹ ಮೇಳಗಳಿಗೆ ಟನ್ ತೂಕದ ಯಂತ್ರವನ್ನು ಲಾರಿಯಲ್ಲಿ ಸಾಗಿಸುವ ಬದಲು, ಹೆಡ್‌ಸೆಟ್‌ನಲ್ಲಿ ತೋರಿಸುವ ಯೋಚನೆ ಅವರಿಗೆ ಸಹಜವಾಗಿ ಬರುತ್ತದೆ. ಇಲ್ಲಿ ತೊಡಕು ಬೇರೆ ಬಗೆಯದು. ವಿನ್ಯಾಸದ ತಂತ್ರಾಂಶದಿಂದ ನೇರವಾಗಿ ತಂದ ಮಾದರಿಯಲ್ಲಿ ಪ್ರತಿ ಬೋಲ್ಟಿನ ಮರೆಯೂ ಸಾವಿರಾರು ತ್ರಿಕೋನಗಳಾಗಿ ಬಂದಿರುತ್ತದೆ. ಗಿರಾಕಿ ಎಂದೂ ನೋಡದ, ಗೇರ್ ಪೆಟ್ಟಿಗೆಯ ಒಳಗಿನ ಬೇರಿಂಗ್ ಕೂಡ. ಇವನ್ನು ತೆಗೆಯದೆ ಕಾರ್ಡಿನ ಸೆಟ್ಟಿಂಗ್‌ಗಳನ್ನು ಎಷ್ಟು ಇಳಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಮೊದಲು ಮರೆಯನ್ನು ಅಳಿಸಿ ನಯವಾದ ಉರುಳೆಯನ್ನಿಡಿ, ಒಳಭಾಗಗಳನ್ನು ಮರೆಮಾಡಿ, ಆಮೇಲೆ ಸೆಟ್ಟಿಂಗ್‌ಗೆ ಬನ್ನಿ. ಹೊಳೆಯುವ ಉಕ್ಕಿನ ಪ್ರತಿಫಲನವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿಸುವ ರೇ ಟ್ರೇಸಿಂಗ್ ಅನ್ನು ಮೇಳದ ಮಳಿಗೆಯಲ್ಲಿ ಆರಿಸಿಡುವುದೇ ಲೇಸು.

ಲ್ಯಾಪ್‌ಟಾಪ್ ಒಯ್ಯುವವರು ಇನ್ನೆರಡನ್ನು ಗಮನಿಸಬೇಕು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಘಟಕವೂ ಪ್ರತ್ಯೇಕ ಕಾರ್ಡೂ ಎರಡೂ ಇರುತ್ತವೆ. ಹೊರಗಿನ ಕಿಂಡಿಗಳಲ್ಲಿ ಕೆಲವು ಮಾತ್ರ ದೊಡ್ಡ ಕಾರ್ಡಿಗೆ ನೇರವಾಗಿ ಜೋಡಣೆಯಾಗಿರುತ್ತವೆ. ಪರದೆಯ ಸಂಪರ್ಕವನ್ನು ನೇರವಾಗಿ ಬೇಡುವ ಹೆಡ್‌ಸೆಟ್ ಅನ್ನು ತಪ್ಪು ಕಿಂಡಿಗೆ ಚುಚ್ಚಿದರೆ ಅದು ಕೆಲಸವನ್ನೇ ಮಾಡದಿರಬಹುದು. ಎರಡನೆಯದು, ವಿದ್ಯುತ್ ಹೋಗಿ ಬ್ಯಾಟರಿಗೆ ಬದಲಾದೊಡನೆ ಕಾರ್ಡಿನ ಶಕ್ತಿಯೂ ಗಣನೀಯವಾಗಿ ಇಳಿಯುತ್ತದೆ. ಯಂತ್ರ ಆರಿರುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ನೋಡುತ್ತಿರುವ ಗಿರಾಕಿಗೆ ಮಾತ್ರ ತಲೆ ಸುತ್ತಲು ಆರಂಭವಾಗುತ್ತದೆ.

ಕೊಳ್ಳುವವರ ಗಮನಕ್ಕೆ

ದೊಡ್ಡ ಕಾರ್ಡು ಎಂದೂ ಬೇಡವೆಂದು ನನ್ನ ಅಭಿಪ್ರಾಯವಲ್ಲ. 2023ರಲ್ಲಿ ಬಂದ ಕ್ವೆಸ್ಟ್ 3ರಲ್ಲಿ ಕಣ್ಣೊಂದಕ್ಕೆ 2064×2208 ಚುಕ್ಕೆಗಳಿವೆ. ಪರದೆ ದೊಡ್ಡದಾದಂತೆ ಕಾರ್ಡೂ ಬೆಳೆಯಬೇಕಾಗುತ್ತದೆ. ಆದರೆ ಬೆಲೆಯ ಚೀಟಿಯಲ್ಲಿ ಬರೆಯದ ಖರ್ಚುಗಳಿವೆ. ನಮ್ಮ ಹಳೆಯ ಕಾರ್ಡಿಗೆ 125 ವಾಟ್ ಸಾಕು. ಆರ್.ಟಿ.ಎಕ್ಸ್. 3080 ಕಾರ್ಡಿಗೆ 320 ವಾಟ್ ಬೇಕು, ಅದಕ್ಕೆ ತಯಾರಕರೇ ಸೂಚಿಸುವ ಪವರ್ ಸಪ್ಲೈ 750 ವಾಟ್‌ನದು. ಅಂದರೆ ಕಾರ್ಡಿನ ಜೊತೆಗೆ ಪವರ್ ಸಪ್ಲೈ, ಅದನ್ನು ಹೊರಬಲ್ಲ ಯು.ಪಿ.ಎಸ್., ಕೆಲವೊಮ್ಮೆ ಹೊಸ ಕ್ಯಾಬಿನೆಟ್ಟೂ ಬೇಕಾಗುತ್ತವೆ. ವಿದ್ಯುತ್ ನಿಲುಗಡೆ ಸಾಮಾನ್ಯವಾದ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಈ ವ್ಯಾಪಾರವಿಲ್ಲ.

ಹಳೆಯ ಸರಕನ್ನು ಕೊಳ್ಳುವವರಿಗೂ ಎರಡು ಎಚ್ಚರಿಕೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯವು ತನ್ನ ಪದ್ಧತಿಯನ್ನು ಬದಲಿಸಿದ ನಂತರ, ಹಗಲಿರುಳೂ ನಾಣ್ಯ ಗಣಿಗಾರಿಕೆಯಲ್ಲಿ ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಅಗ್ಗವಾಗಿ ಮಾರುಕಟ್ಟೆಗೆ ಬಂದವು. ಫ್ಯಾನ್ ಸವೆದ ಕಾರ್ಡು ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹತ್ತು ನಿಮಿಷ ಸರಿಯಿದ್ದು ಹನ್ನೊಂದನೆಯ ನಿಮಿಷ ಚಿತ್ರ ತಪ್ಪತೊಡಗುತ್ತದೆ. ಅರ್ಧ ಗಂಟೆ ಓಡಿಸಿ ನೋಡದೆ ಹಣ ಕೊಡಬಾರದು. ಇನ್ನೊಂದು, ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ವ್ಯವಸ್ಥೆಯನ್ನು ಕೈಬಿಟ್ಟು, 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದನ್ನು ತೆಗೆದುಹಾಕಿತು. ಅದನ್ನೇ ನಂಬಿದ್ದ ಎಚ್.ಪಿ. ರಿವರ್ಬ್ ಜಿ2 ಮೊದಲಾದ ಹೆಡ್‌ಸೆಟ್‌ಗಳು ಕಣ್ಣೊಂದಕ್ಕೆ 2160×2160 ಚುಕ್ಕೆಗಳುಳ್ಳ ಸೊಗಸಾದ ಪರದೆಯನ್ನು ಹೊಂದಿದ್ದರೂ ಆ ಆವೃತ್ತಿಯಲ್ಲಿ ಆ ವ್ಯವಸ್ಥೆಯ ಆಸರೆ ಕಳೆದುಕೊಂಡಿವೆ. ಅಗ್ಗವೆಂದು ಹತ್ತು ಪೆಟ್ಟಿಗೆ ತರಿಸಿಟ್ಟ ವರ್ತಕನು ಹತ್ತನ್ನೂ ತಾನೇ ಇಟ್ಟುಕೊಳ್ಳಬೇಕಾದೀತು.

ನಮ್ಮ ಮಳಿಗೆಗೆ ದೊಡ್ಡ ಕಾರ್ಡು ಬರಲಿಲ್ಲ. ಆ ಹಣದಲ್ಲಿ ಮಳಿಗೆಯ ಮುಂಗಡ, ಒಂದು ಒಳ್ಳೆಯ ಯು.ಪಿ.ಎಸ್. ಮತ್ತು ಕೇಬಲ್ ಬಂದವು. ಕೊಬ್ಬರಿಯ ಹಿರಿಯರನ್ನು ಕರೆಸಿ ಮತ್ತೊಮ್ಮೆ ತೋರಿಸಿದೆವು. ಈ ಬಾರಿ ಅವರು ಮಾತನಾಡಲಿಲ್ಲ. ಕೈಯನ್ನು ಚಾಚಿ ಕಂಬವನ್ನು ಹುಡುಕಿದರು, ಅಲ್ಲಿದ್ದ ನನ್ನ ಮೇಜಿಗೆ ಬೆರಳು ತಗುಲಿತು. ಈಗ ಉಳಿದಿರುವ ತೊಡಕು ಗ್ರಾಫಿಕ್ಸ್ ಕಾರ್ಡಿಗೆ ಸಂಬಂಧಿಸಿದ್ದಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವ ಹೆಡ್‌ಸೆಟ್‌ನ ಮುಖದ ಮೆತ್ತೆಯು ಬೇಸಿಗೆಯ ಬೆವರಿಗೆ ಬೇಗ ಹಾಳಾಗುತ್ತದೆ, ಬದಲಿ ಮೆತ್ತೆಗಳು ಸುಲಭವಾಗಿ ದೊರೆಯುತ್ತಿಲ್ಲ. ಒರೆಸಿ ತೊಳೆಯಬಲ್ಲ ಮೆತ್ತೆಯನ್ನು ರೆಕ್ಸಿನ್‌ನಲ್ಲಿ ಹೊಲಿದುಕೊಡಬಲ್ಲ ಸಣ್ಣ ತಯಾರಕರು ನಮ್ಮ ಸದಸ್ಯರಲ್ಲಿ ಇದ್ದರೆ, ಅವರೊಡನೆ ವ್ಯವಹರಿಸಲು ನಾವು ಸಿದ್ಧರಿದ್ದೇವೆ.